ಕ್ಯಾಲ್ಸಿಯಂ ಕೊಟ್ಟೂ ಹಾಲುಜ್ವರ ಬಂತು: ಖನಿಜ ಮಿಶ್ರಣ ಯಾವಾಗ, ಎಷ್ಟು, ಹೇಗೆ?

ಗೋದಲಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮೂರನೇ ಸೂಲಿನ ಹಸು ಕರು ಹಾಕಿದ ಮರುದಿನವೇ ನೆಲ ಹಿಡಿಯಿತು. ಕಿವಿ ತಣ್ಣಗಾಗಿತ್ತು. ಕುತ್ತಿಗೆ ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಡಾಕ್ಟರ್ ಬಂದು ಇದು ಹಾಲುಜ್ವರ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ ಅಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದರು, ಎದ್ದು ನಿಂತಿತು. ಈಗ ಚೆನ್ನಾಗಿದೆ.

ನನಗೆ ಅರ್ಥವಾಗದ್ದು ಇದು. ಹಾಲು ಬತ್ತಿಸಿದಾಗಿನಿಂದ ಅದಕ್ಕೆ ದಿನಾ ಕ್ಯಾಲ್ಸಿಯಂ ಟಾನಿಕ್ ಕುಡಿಸುತ್ತಿದ್ದೆವು. ಹೊಟ್ಟೆ ತುಂಬ ಕುದುರೆ ಮೆಂತೆ (ಲೂಸರ್ನ್ ಮೇವು). ಮೇಲೆ ಒಂದು ಹಿಡಿ ಖನಿಜ ಮಿಶ್ರಣ. ಇಷ್ಟು ಕೊಟ್ಟೂ ಕ್ಯಾಲ್ಸಿಯಂ ಕಡಿಮೆಯಾಯಿತು ಅಂದರೆ ಇನ್ನೂ ಜಾಸ್ತಿ ಕೊಡಬೇಕಿತ್ತಾ? ಮುಂದಿನ ತಿಂಗಳು ಇನ್ನೊಂದು ಹಸು ಕರು ಹಾಕಲಿದೆ. ಅದಕ್ಕೇ ಕೇಳುತ್ತಿದ್ದೇನೆ.

ಹಸಿಮೇವು:
ಜಾಸ್ತಿ ಅಲ್ಲ, ಕಡಿಮೆ ಕೊಡಬೇಕಿತ್ತು. ಬತ್ತಿದ ಹಸುವಿಗೆ ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸಿಬಿಡಿ. ಕರು ಹಾಕಿದ ಮೇಲೆ ಶುರು ಮಾಡಿ. ನಾವು ಹಾಗೇ ಮಾಡುವುದು.

ಎಮ್ಮೆಪ್ರಿಯ:
ಅದು ಹೇಗೆ ಸರಿ? ಹೊಟ್ಟೆಯಲ್ಲಿರುವ ಕರುವಿನ ಮೂಳೆ ಬೆಳೆಯುವುದೇ ಕೊನೆಯ ತಿಂಗಳುಗಳಲ್ಲಿ. ಆಗ ನಿಲ್ಲಿಸಿದರೆ ಕರು ಬಡವಾಗಲ್ವಾ?

ಪಶುವೈದ್ಯೆ:
ಹಸಿಮೇವು ಅವರು ಹೇಳಿದ್ದು ಅರ್ಧ ಸರಿ. ಮಿಕ್ಕ ಅರ್ಧವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಕ್ಷಮಿಸಿ.

ಹಸುವಿನ ರಕ್ತದ್ರವದಲ್ಲಿ ಓಡಾಡುವ ಕ್ಯಾಲ್ಸಿಯಂ ಎಲ್ಲಾ ಸೇರಿದರೂ ಸುಮಾರು 3 ಗ್ರಾಂ ಅಷ್ಟೇ. ಗಿಣ್ಣು ಹಾಲಿನಲ್ಲಿ ಲೀಟರಿಗೆ ಸುಮಾರು 2 ಗ್ರಾಂ ಇರುತ್ತದೆ. 10 ಲೀಟರ್ ಗಿಣ್ಣು ಇಳಿದರೆ 20 ಗ್ರಾಂ ಹೊರಟಿತು. ರಕ್ತದಲ್ಲಿ ಇದ್ದದ್ದರ ಆರೇಳು ಪಟ್ಟು! ಇದು ಬರಬೇಕಾದದ್ದು ಮೂಳೆಯಿಂದ ಮತ್ತು ಕರುಳಿನಿಂದ. ಮೂಳೆಯಲ್ಲಿ ಕಿಲೋಗಟ್ಟಲೆ ಕ್ಯಾಲ್ಸಿಯಂ ಇದೆ. ಆದರೆ ಅದನ್ನು ಬಿಡಿಸಲು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನು ಸುರಿಸಬೇಕು. ಆ ಹಾರ್ಮೋನು ಮೂತ್ರಪಿಂಡಕ್ಕೆ ಹೇಳಿ ವಿಟಮಿನ್ ಡಿ ಯನ್ನು ಚುರುಕು ಮಾಡಿಸಬೇಕು. ಆಮೇಲೆ ಕರುಳು ಹೆಚ್ಚು ಹೀರಿಕೊಳ್ಳಲು ಶುರು ಮಾಡುತ್ತದೆ. ಇಷ್ಟೆಲ್ಲ ಆಗಲು ಒಂದೆರಡು ದಿನ ಬೇಕು. ಹಾಲುಜ್ವರ ಹೆಚ್ಚಾಗಿ ಕರು ಹಾಕಿದ 72 ಗಂಟೆಯೊಳಗೇ ಬರುವುದು ಇದಕ್ಕೇ. ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ.

ಬತ್ತಿದ ಕಾಲದಲ್ಲಿ ಕ್ಯಾಲ್ಸಿಯಂ ಸುರಿದರೆ ಈ ಗ್ರಂಥಿಗೆ ಕೆಲಸವೇ ಇರಲ್ಲ. ಉಗ್ರಾಣ ತುಂಬಿದೆ, ಬೀಗದ ಕೈ ಇಟ್ಟುಕೊಂಡವನು ನಿದ್ದೆ ಹೋಗಿದ್ದಾನೆ, ಹಾಗೆ. ಇದು ಹಸಿಮೇವು ಅವರ ಮಾತು, ಒಪ್ಪಿದೆ.

ಆದರೆ ಬರೀ ಟಾನಿಕ್ ನಿಲ್ಲಿಸಿದರೆ ಆಗಲ್ಲ. ಕ್ಯಾಲ್ಸಿಯಂ ಕಡಿತದಿಂದಲೇ ಹಾಲುಜ್ವರ ತಡೆಯಬೇಕಾದರೆ ದಿನಕ್ಕೆ 20 ಗ್ರಾಂಗಿಂತ ಕೆಳಗೆ ಇಳಿಸಬೇಕು. ಮಾಮೂಲಿ ಮೇವು ತಿನ್ನಿಸಿಕೊಂಡು ಅಷ್ಟು ಇಳಿಸುವುದು ಬಲು ಕಷ್ಟ. ನಿಜವಾದ ತಂಟೆಕೋರ ಬೇರೆ ಇದ್ದಾನೆ, ಪೊಟ್ಯಾಸಿಯಂ. ಮೇವಿನಲ್ಲಿ ಪೊಟ್ಯಾಸಿಯಂ ಜಾಸ್ತಿಯಾದರೆ ರಕ್ತ ಸ್ವಲ್ಪ ಕ್ಷಾರದ ಕಡೆಗೆ ವಾಲುತ್ತದೆ. ಆಗ ಹಾರ್ಮೋನು ಬಂದು ಕೂಗಿದರೂ ಮೂಳೆ ಮತ್ತು ಮೂತ್ರಪಿಂಡ ಓಗೊಡಲ್ಲ. ಕುದುರೆ ಮೆಂತೆಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಎರಡೂ ಜಾಸ್ತಿ. ಹಾಲು ಕೊಡುವ ಹಸುವಿಗೆ ಅದು ಒಳ್ಳೆಯ ಮೇವು. ಕರು ಹಾಕಲು ಮೂರು ವಾರ ಇರುವ ಹಸುವಿಗೆ ಅಲ್ಲ.

ಎಮ್ಮೆಪ್ರಿಯ ಅವರೇ, ಕರುವಿನ ಮೂಳೆ ಬಗ್ಗೆ ಚಿಂತೆ ಬೇಡ. ಕರುವಿಗೆ ಬೇಕಾದದ್ದನ್ನು ತಾಯಿ ತನ್ನ ಮೈಯಿಂದ ತೆಗೆದು ಕೊಡುತ್ತದೆ. ಮಾಮೂಲಿ ಮೇವಿನಲ್ಲೇ ಅದಕ್ಕೆ ಸಾಲುವಷ್ಟು ಸಿಗುತ್ತದೆ.

ಗೋದಲಿ:
ಮೇಡಂ, ಅಂದರೆ ಖನಿಜ ಮಿಶ್ರಣವನ್ನೇ ನಿಲ್ಲಿಸಲಾ?

ಪಶುವೈದ್ಯೆ:
ಖಂಡಿತಾ ಬೇಡ! ಟಾನಿಕ್ ನಿಲ್ಲಿಸಿ, ಮಿಶ್ರಣ ನಿಲ್ಲಿಸಬೇಡಿ. ತಾಮ್ರ, ಸತು, ಸೆಲೆನಿಯಂ, ಅಯೋಡಿನ್, ಮ್ಯಾಂಗನೀಸ್ ಬತ್ತಿದ ಕಾಲದಲ್ಲೇ ತುಂಬ ಬೇಕು. ಹಾಲಿನಲ್ಲಿ ತಾಮ್ರ ತೀರಾ ಕಡಿಮೆ. ಕರು ಹುಟ್ಟುವ ಮೊದಲೇ ತನ್ನ ಪಿತ್ತಜನಕಾಂಗದಲ್ಲಿ ತಾಮ್ರ ಕೂಡಿಟ್ಟುಕೊಂಡು ಬರುತ್ತದೆ. ತಾಯಿಗೆ ಅಯೋಡಿನ್ ಸಾಲದಿದ್ದರೆ ಕರು ಗಂಟಲು ಊದಿಕೊಂಡು ಹುಟ್ಟಬಹುದು. ಮ್ಯಾಂಗನೀಸ್ ಸಾಲದಿದ್ದರೆ ಕೀಲು ಸೊಟ್ಟಗಾಗಬಹುದು. ಸೆಲೆನಿಯಂ ಮತ್ತು ವಿಟಮಿನ್ ಇ ಸಾಲದಿದ್ದರೆ ಹಸುವಿನ ಕಸ (ಮಾಸು) ಬೀಳುವುದು ತಡವಾಗುತ್ತದೆ, ಕೆಚ್ಚಲು ಬಾವು ಹೆಚ್ಚು.

ಬತ್ತಿದ ಹಸುವಿಗೆ ಅಂತಲೇ ಕ್ಯಾಲ್ಸಿಯಂ ಕಡಿಮೆ ಇರುವ, ಮೆಗ್ನೀಷಿಯಂ ಜಾಸ್ತಿ ಇರುವ ಮಿಶ್ರಣ ಸಿಗುತ್ತದೆ. ಅದು ಸಿಕ್ಕರೆ ಒಳ್ಳೆಯದು. ಮೆಗ್ನೀಷಿಯಂ ಇಲ್ಲದೆ ಆ ಹಾರ್ಮೋನು ಕೆಲಸ ಮಾಡಲ್ಲ. ಮೇವಿನ ಒಣತೂಕದಲ್ಲಿ ಶೇ. 0.4ರ ಸುತ್ತ ಮೆಗ್ನೀಷಿಯಂ ಇರಬೇಕು.

ಲೆಕ್ಕಾಚಾರಿ:
ಒಂದು ಮಾತು ಸೇರಿಸುತ್ತೇನೆ. "ಒಂದು ಹಿಡಿ" ಅಂತ ಯಾರೂ ಅಳೆಯಬೇಡಿ. ಯಾರ ಹಿಡಿ? ನನ್ನ ಹಿಡಿಗೂ ನಮ್ಮ ಅಮ್ಮನ ಹಿಡಿಗೂ ದುಪ್ಪಟ್ಟು ವ್ಯತ್ಯಾಸ. ಒಂದು ಸಲ ತಕ್ಕಡಿಯಲ್ಲಿ ತೂಗಿ, ಆ ಮಟ್ಟಕ್ಕೆ ಒಂದು ಚಿಕ್ಕ ಡಬ್ಬಿಗೆ ಗೆರೆ ಹಾಕಿಡಿ. ಚೀಲದ ಮೇಲೆ ಬರೆದ ಪ್ರಮಾಣ ಹಸುವಿನ ತೂಕ ಮತ್ತು ಹಾಲಿನ ಮೇಲೆ ಇರುತ್ತದೆ, ಅದನ್ನು ಓದಿ.

ಮತ್ತೆ, ಗೋದಲಿಗೆ ಮೇಲಿಂದ ಉದುರಿಸಿದರೆ ಅರ್ಧ ಮಣ್ಣು ಪಾಲು. ಮೊದಲು ಸ್ವಲ್ಪ ಬೂಸಾದಲ್ಲಿ ಕಲಸಿ. ಆಮೇಲೆ ಅದನ್ನು ಮಿಕ್ಕ ಬೂಸಾ, ಹಿಂಡಿಗೆ ಸೇರಿಸಿ. ಎರಡೂ ಹೊತ್ತಿಗೆ ಹಂಚಿ ಕೊಡಿ.

ಕರಿಹಸು:
ನನ್ನದೊಂದು ಪ್ರಶ್ನೆ. ನಮ್ಮ ಹಸು ಗೋಡೆ ನೆಕ್ಕುತ್ತದೆ. ಪಕ್ಕದ ಹಸುವಿನ ಗಂಜಲ ಕುಡಿಯಲು ಹೋಗುತ್ತದೆ. ಇದು ಕ್ಯಾಲ್ಸಿಯಂ ಕಡಿಮೆ ಅಂತ ಒಬ್ಬರು, ರಂಜಕ ಕಡಿಮೆ ಅಂತ ಇನ್ನೊಬ್ಬರು. ಯಾವುದು?

ಹಸಿಮೇವು:
ಮೊದಲು ಉಪ್ಪು ನೋಡಿ. ಅಡುಗೆ ಉಪ್ಪು. ಹುಲ್ಲಿನಲ್ಲಿ ಸೋಡಿಯಂ ಬಹಳ ಕಡಿಮೆ, ಹಾಲಿನಲ್ಲಿ ದಿನಾ ಹೋಗುತ್ತಲೇ ಇರುತ್ತದೆ. ನಮ್ಮಲ್ಲಿ ಇದೇ ಲಕ್ಷಣ ಇತ್ತು. ಉಪ್ಪು ಸರಿ ಮಾಡಿದ ಮೇಲೆ ಗೋಡೆ ಬಿಟ್ಟಿತು.

ಪಶುವೈದ್ಯೆ:
ಹೌದು. ಗಂಜಲಕ್ಕೆ ಬಾಯಿ ಹಾಕುವುದು ಹೆಚ್ಚಾಗಿ ಸೋಡಿಯಂ ಕೊರತೆಗೇ. ಮೂಳೆ, ಚರ್ಮ, ಬಟ್ಟೆ ಅಗಿಯುತ್ತಿದ್ದರೆ ರಂಜಕದ ಅನುಮಾನ ಬರುತ್ತದೆ. ಅಂಥ ಹಸುವಿಗೆ ಹಳೆ ಮೂಳೆ ಸಿಗದಂತೆ ನೋಡಿಕೊಳ್ಳಿ. ಕೊಳೆತ ಮೂಳೆಯಿಂದ ಬೊಟುಲಿಸಂ ಅನ್ನುವ ವಿಷಬಾಧೆ ಬಂದು ಸಾಯುತ್ತವೆ.

ಗಬ್ಬದ ಕೊನೆಯಲ್ಲಿ ಮಾತ್ರ ಉಪ್ಪಿಗೂ ಮಿತಿ ಇರಲಿ. ಸೋಡಿಯಂ ಕೂಡ ಪೊಟ್ಯಾಸಿಯಂ ಗುಂಪಿನದೇ, ರಕ್ತವನ್ನು ಕ್ಷಾರದ ಕಡೆಗೆ ವಾಲಿಸುತ್ತದೆ. ಜೊತೆಗೆ ಕೆಚ್ಚಲು ಊತ ಜಾಸ್ತಿ ಮಾಡುತ್ತದೆ. ಅಡುಗೆ ಸೋಡಾ ಕೊಡುವ ರೂಢಿ ಇದ್ದರೆ ಈ ಮೂರು ವಾರ ಪೂರ್ತಿ ನಿಲ್ಲಿಸಿ.

ಎಮ್ಮೆಪ್ರಿಯ:
ನಾನು ನೆಕ್ಕುವ ಖನಿಜ ಇಟ್ಟಿಗೆ ಕಟ್ಟಿಬಿಟ್ಟಿದ್ದೇನೆ. ಬೇಕಾದಷ್ಟು ತಾನೇ ನೆಕ್ಕಿಕೊಳ್ಳುತ್ತದೆ. ಹಸುವಿಗೆ ಗೊತ್ತಿರಲ್ವಾ ತನಗೆ ಏನು ಬೇಕು ಅಂತ?

ಲೆಕ್ಕಾಚಾರಿ:
ಗೊತ್ತಿರುವುದು ಉಪ್ಪು ಒಂದೇ. ನನಗೆ ಸತು ಕಡಿಮೆಯಾಗಿದೆ, ಇವತ್ತು ಸ್ವಲ್ಪ ಸತು ತಿನ್ನೋಣ ಅಂತ ಯಾವ ಹಸುವೂ ಯೋಚಿಸಲ್ಲ. ಇಟ್ಟಿಗೆಯಲ್ಲಿ ಬಹುಪಾಲು ಉಪ್ಪೇ. ಉಪ್ಪಿನ ಆಸೆಗೆ ನೆಕ್ಕುವಾಗ ಬೇರೆಯದೂ ಸ್ವಲ್ಪ ಹೋಗುತ್ತದೆ. ಒಂದು ಹಸು ದಿನವಿಡೀ ನೆಕ್ಕುತ್ತದೆ, ಇನ್ನೊಂದು ಮೂಸಿಯೂ ನೋಡಲ್ಲ. ನಿಮ್ಮ ಕೊಟ್ಟಿಗೆಯಲ್ಲೇ ಗಮನಿಸಿ. ಇಟ್ಟಿಗೆ ಇರಲಿ, ಉಪ್ಪಿಗೆ ಒಳ್ಳೆಯದು. ಖನಿಜ ಮಿಶ್ರಣದ ಬದಲು ಅಂದುಕೊಳ್ಳಬೇಡಿ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡ್. ಹಸುವಿಗೆ ಅದರಿಂದ ಏನೂ ಸಿಗಲ್ಲ.

ಕರಿಹಸು:
ಇನ್ನೊಂದು ಕೇಳಿಬಿಡುತ್ತೇನೆ. ಬೇರೆ ಹಸು ಒಂದು ಮತ್ತೆ ಮತ್ತೆ ಬೆದೆಗೆ ಬರುತ್ತಿದೆ, ಗಬ್ಬ ನಿಲ್ಲುತ್ತಿಲ್ಲ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಕೊಡಿ, ರಂಜಕ ಹೆಚ್ಚಾದರೆ ಗಬ್ಬ ನಿಲ್ಲುತ್ತದೆ ಅಂದರು. ಕೊಡಲಾ?

ಪಶುವೈದ್ಯೆ:
ರಂಜಕ ನಿಜವಾಗಿ ಕಡಿಮೆ ಇದ್ದರೆ ಗಬ್ಬಕ್ಕೆ ತೊಂದರೆಯಾಗುವುದು ಹೌದು. ಬರೀ ಒಣಹುಲ್ಲು ತಿನ್ನುವ ಹಸುವಿಗೆ ಆಗ ಮೇವೇ ಸೇರಲ್ಲ, ಸೊರಗುತ್ತದೆ. ಆದರೆ ಸಾಕಷ್ಟು ಇರುವ ಹಸುವಿಗೆ ಇನ್ನಷ್ಟು ಹಾಕಿದರೆ ಲಾಭವಿಲ್ಲ. ಹಾಲಿನ ಹಸುವಿನ ಮೇವಿನಲ್ಲಿ ಒಣತೂಕದ ಶೇ. 0.35ರಿಂದ 0.4 ರಂಜಕ ಇದ್ದರೆ ಸಾಕು. ಗೋಧಿ ಬೂಸಾದಲ್ಲಿ ಶೇ. 1ರಷ್ಟು ರಂಜಕ ಇರುತ್ತದೆ, ಕ್ಯಾಲ್ಸಿಯಂ ಅದರ ಹತ್ತನೇ ಒಂದರಷ್ಟು. ನೀವು ದಿನಾ ಬೂಸಾ ಕೊಡುವವರಾದರೆ ಕೊರತೆ ರಂಜಕದ್ದಲ್ಲ, ಕ್ಯಾಲ್ಸಿಯಂನದು. ಹೆಚ್ಚಾದ ರಂಜಕ ಸಗಣಿಯಲ್ಲಿ ಹೋಗಿ ಕೆರೆ, ಹಳ್ಳ ಸೇರಿ ಪಾಚಿ ಬೆಳೆಸುತ್ತದೆ, ಅಷ್ಟೇ.

ಗಬ್ಬ ನಿಲ್ಲದ ಹಸುವಿನ ಪಕ್ಕೆಲುಬು, ಸೊಂಟದ ಮೂಳೆ ನೋಡಿ. ಕರು ಹಾಕಿದ ಮೇಲೆ ತೀರಾ ಇಳಿದಿದ್ದರೆ ಮೊದಲು ಬೇಕಾದದ್ದು ಹೊಟ್ಟೆ ತುಂಬ ಮೇವು. ಹಸಿದ ಹಸುವಿಗೆ ಖನಿಜ ಸುರಿದು ಗಬ್ಬ ನಿಲ್ಲಿಸಲು ಆಗಲ್ಲ. ಗರ್ಭಕೋಶದಲ್ಲಿ ಸೋಂಕು ಇದೆಯಾ, ಬೆದೆಯ ಹೊತ್ತು ಸರಿಯಾಗಿ ಹಿಡಿಯುತ್ತಿದ್ದೀರಾ, ಅದೂ ನೋಡಿಸಿ. ಮಿಶ್ರಣವನ್ನೂ ಕೊಡಿ, ಬೇಡ ಅನ್ನಲ್ಲ. ಆದರೆ ಅದೊಂದರ ಮೇಲೇ ಭಾರ ಹಾಕಬೇಡಿ.

ಲೆಕ್ಕಾಚಾರಿ:
ಡಿಸಿಪಿ ಬಗ್ಗೆ ಬಹಳ ಗೊಂದಲ ಇದೆ ಅನ್ನಿಸುತ್ತದೆ. ಅದು ಖನಿಜ ಮಿಶ್ರಣ ಅಲ್ಲ. ಅದರಲ್ಲಿ ಕ್ಯಾಲ್ಸಿಯಂ ಶೇ. 23ರ ಸುತ್ತ, ರಂಜಕ ಶೇ. 18ರ ಸುತ್ತ ಇರುತ್ತದೆ, ಮತ್ತೇನೂ ಇಲ್ಲ. ತಾಮ್ರ, ಸತು, ಅಯೋಡಿನ್ ಯಾವುದೂ ಸಿಗಲ್ಲ. ಸುಣ್ಣಕಲ್ಲಿನ ಪುಡಿಯಲ್ಲಿ ಕ್ಯಾಲ್ಸಿಯಂ ಶೇ. 36ರಿಂದ 38. ರಂಜಕ ಬೇಡದ ಕಡೆ ಅದೇ ಸಾಕು. ನಾನು ಹೇಳುತ್ತಿರುವುದು ನುಣ್ಣಗೆ ಅರೆದ ಮೇವಿನ ದರ್ಜೆಯ ಪುಡಿ, ಗೋಡೆಗೆ ಹಚ್ಚುವ ಸುಟ್ಟ ಸುಣ್ಣ ಅಲ್ಲ. ಅದು ಬಾಯಿ ಸುಡುತ್ತದೆ.

ಹಾಲು ಕೊಡುವ ಹಸುವಿನ ಲೆಕ್ಕ: ಹಾಲಿನಲ್ಲಿ ಲೀಟರಿಗೆ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ. 20 ಲೀಟರ್ ಕೊಟ್ಟರೆ 24 ಗ್ರಾಂ ಹೊರಗೆ. ತಿಂದದ್ದರಲ್ಲಿ ಮೈಗೆ ಹತ್ತುವುದು ಮೂರನೇ ಒಂದರಷ್ಟು ಅಂದುಕೊಳ್ಳಿ. ಹಸುವಿನ ಸ್ವಂತ ಖರ್ಚೂ ಸೇರಿ ದಿನಕ್ಕೆ 100 ಗ್ರಾಂ ಹತ್ತಿರ ತಿನ್ನಬೇಕು. ಒಣಹುಲ್ಲು, ಬೂಸಾದಲ್ಲಿ ಅಷ್ಟು ಸಿಗಲ್ಲ. ಕುದುರೆ ಮೆಂತೆಯಂಥ ದ್ವಿದಳ ಮೇವು ಚೆನ್ನಾಗಿದ್ದರೆ ಬಹುಪಾಲು ಅಲ್ಲೇ ಸಿಕ್ಕಿಬಿಡುತ್ತದೆ.

ಹಸಿಮೇವು:
ಕ್ಯಾಲ್ಸಿಯಂ ಕೊಡದಿದ್ದರೆ ಹಾಲು ತೆಳ್ಳಗಾಗುತ್ತದೆ ಅಂತಾರಲ್ಲ?

ಪಶುವೈದ್ಯೆ:
ಇಲ್ಲ. ಹಾಲಿನ ಕ್ಯಾಲ್ಸಿಯಂ ಹಾಗೇ ಇರುತ್ತದೆ. ಹಸು ಮೂಳೆ ಕರಗಿಸಿಯಾದರೂ ಹಾಲಿಗೆ ಹಾಕುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲಿ ಎಷ್ಟೇ ಚೆನ್ನಾಗಿ ತಿನ್ನಿಸಿದರೂ ಸ್ವಲ್ಪ ಮೂಳೆ ಕರಗುವುದು ಸಹಜ. ಸೂಲಿನ ಕೊನೆಯಲ್ಲಿ ಅದು ಮತ್ತೆ ತುಂಬಿಕೊಳ್ಳಬೇಕು. ಹಾಲು ನೋಡಿ ಕೊರತೆ ಹಿಡಿಯಲು ಹೋದರೆ ಕೈಗೆ ಏನೂ ಸಿಗಲ್ಲ.

ಕುರಿಹಟ್ಟಿ:
ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲಾ ಗೊತ್ತಾಗಿಬಿಡುತ್ತದೆ ಅಲ್ವಾ? ಯಾಕೆ ಇಷ್ಟು ಊಹೆ?

ಪಶುವೈದ್ಯೆ:
ಎಲ್ಲಾ ಗೊತ್ತಾಗಲ್ಲ. ರಕ್ತದ ಕ್ಯಾಲ್ಸಿಯಂ ಅನ್ನು ಮೈ ತಾನೇ 100 ಮಿಲಿಲೀಟರಿಗೆ 8.5ರಿಂದ 10 ಮಿಲಿಗ್ರಾಂ ಒಳಗೆ ಹಿಡಿದಿಡುತ್ತದೆ. ಮೂಳೆ ಸವೆಯುತ್ತಿದ್ದರೂ ರಕ್ತ ಸರಿಯಾಗೇ ಕಾಣುತ್ತದೆ. ಕರು ಹಾಕಿದ ಆಸುಪಾಸಿನ ದಿನಗಳಲ್ಲಿ ಮಾತ್ರ ಆ ಪರೀಕ್ಷೆಗೆ ಬೆಲೆ. ಆಗ 8ಕ್ಕಿಂತ ಇಳಿದ ಹಸುಗಳು ಬಹಳ ಇರುತ್ತವೆ, ನೆಲಕ್ಕೆ ಬೀಳಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಮೇವು ಕಡಿಮೆ ತಿನ್ನುತ್ತವೆ, ಮೆಲುಕು ಕಡಿಮೆ, ಕಸ ಬೀಳುವುದು ತಡ.

ತಾಮ್ರವೂ ಹಾಗೇ. ಪಿತ್ತಜನಕಾಂಗದ ದಾಸ್ತಾನು ಮುಗಿಯುವ ತನಕ ರಕ್ತದಲ್ಲಿ ಇಳಿಯಲ್ಲ. ಮೆಗ್ನೀಷಿಯಂಗೆ ಗಂಜಲ ನೋಡುವುದು ಒಳ್ಳೆಯದು. ಸೆಲೆನಿಯಂಗೆ ರಕ್ತ ಪರವಾಗಿಲ್ಲ. ನನ್ನನ್ನು ಕೇಳಿದರೆ, ದುಡ್ಡು ಖರ್ಚು ಮಾಡುವುದೇ ಆದರೆ ಮೊದಲು ಮೇವು ಮತ್ತು ನೀರಿನ ಪರೀಕ್ಷೆ ಮಾಡಿಸಿ.

ಕರಿಹಸು:
ನೀರಾ?

ಪಶುವೈದ್ಯೆ:
ಹೌದು, ನೀರು. ಕೊಳವೆಬಾವಿ ನೀರಿನಲ್ಲಿ ಕಬ್ಬಿಣ, ಗಂಧಕದ ಲವಣ ಜಾಸ್ತಿ ಇರಬಹುದು. ಇವೆರಡೂ ತಾಮ್ರಕ್ಕೆ ಅಡ್ಡಗಾಲು. ಮೇವಿನಲ್ಲಿ ಮಾಲಿಬ್ಡಿನಂ ಇದ್ದರಂತೂ ಗಂಧಕದ ಜೊತೆ ಸೇರಿ ಹಸುವಿನ ಮೊದಲ ಹೊಟ್ಟೆಯಲ್ಲೇ ತಾಮ್ರವನ್ನು ಕಟ್ಟಿಹಾಕುತ್ತದೆ. ಮಿಶ್ರಣದಲ್ಲಿ ತಾಮ್ರ ಇದ್ದರೂ ಮೈಗೆ ಸೇರಲ್ಲ. ಕರಿ ಹಸುವಿನ ಕೂದಲು ಕೆಂಚಗಾಗುವುದು, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಣ್ಣ ಮಾಸುವುದು ಇದರ ಲಕ್ಷಣ. ಕಬ್ಬಿಣವನ್ನು ದೊಡ್ಡ ಹಸುವಿಗೆ ಮೇಲಿಂದ ಕೊಡುವ ಅಗತ್ಯ ಸಾಮಾನ್ಯವಾಗಿ ಇಲ್ಲವೇ ಇಲ್ಲ. ಮೇವಿಗೆ ಅಂಟಿದ ಮಣ್ಣಿನಲ್ಲೇ ಬೇಕಾದಷ್ಟು ಹೋಗುತ್ತದೆ.

ಕರಿಹಸು:
ನನ್ನ ಹಸುವಿಗೂ ಕಣ್ಣ ಸುತ್ತ ಹಾಗೇ ಇದೆ! ಹಾಗಾದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ನೀರಲ್ಲಿ ಕರಗಿಸಿ ಕುಡಿಸಲಾ?

ಪಶುವೈದ್ಯೆ:
ದಯವಿಟ್ಟು ಬೇಡ. ತಾಮ್ರ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಒಂದು ದಿನ ಪ್ರಯಾಣವೋ, ಹೆರಿಗೆಯೋ, ಕಾಯಿಲೆಯೋ ನೆಪವಾಗಿ ಒಟ್ಟಿಗೆ ರಕ್ತಕ್ಕೆ ನುಗ್ಗುತ್ತದೆ. ಕೆಂಪು ರಕ್ತಕಣ ಒಡೆದು ಹಸು ಸಾಯುತ್ತದೆ. ಬೇಕಾದದ್ದು ಒಂದು ಕಿಲೋ ಒಣಮೇವಿಗೆ 10ರಿಂದ 15 ಮಿಲಿಗ್ರಾಂ. 40 ದಾಟಿದರೆ ಅಪಾಯ. ಸೆಲೆನಿಯಂ ಇನ್ನೂ ಸೂಕ್ಷ್ಮ. ಕಿಲೋಗೆ 0.3 ಮಿಲಿಗ್ರಾಂ ಸಾಕು, 5 ದಾಟಿದರೆ ವಿಷ. ಮಿಶ್ರಣವೂ ಕೊಟ್ಟು, ಸೆಲೆನಿಯಂ ಇಂಜೆಕ್ಷನ್ನೂ ಹಾಕಿಸಿ, ಮೇಲೆ ಇನ್ನೊಂದು ಪುಡಿಯನ್ನೂ ಹಾಕುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ನಿಮ್ಮ ಹಸುವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಹೊಟ್ಟೆಹುಳು ಇದ್ದರೂ ಕೂದಲು ಹೀಗೆ ಒರಟಾಗುತ್ತದೆ.

ಕುರಿಹಟ್ಟಿ:
ನಾನು ಹಸುವಿನ ಮಿಶ್ರಣವನ್ನೇ ಕುರಿಗೂ ಹಾಕುತ್ತಿದ್ದೆನಲ್ಲ! ಪ್ರಮಾಣ ಕಡಿಮೆ ಮಾಡಿ ಹಾಕಿದರೆ ನಡೆಯುತ್ತಾ?

ಲೆಕ್ಕಾಚಾರಿ:
ಇವತ್ತೇ ನಿಲ್ಲಿಸಿ. ಕುರಿಗೆ ತಾಮ್ರ ತಡೆಯುವ ಶಕ್ತಿ ತೀರಾ ಕಡಿಮೆ. ಹಸುವಿಗೆ ಸರಿಯಾದದ್ದು ಕುರಿಗೆ ವಿಷ. ಕುರಿಗೆ ಅಂತಲೇ ತಾಮ್ರ ಹಾಕದ ಮಿಶ್ರಣ ಬರುತ್ತದೆ, ಅದನ್ನು ತನ್ನಿ.

ಎಮ್ಮೆಪ್ರಿಯ:
ಚಿಲೇಟೆಡ್ ಅಂತ ಬರೆದ ಮಿಶ್ರಣ ಎರಡು ಪಟ್ಟು ಬೆಲೆ ಹೇಳುತ್ತಾರೆ. ಅದರಲ್ಲಿ ಸತ್ವ ಇದೆಯಾ, ಸುಮ್ನೆ ಮಾತಾ?

ಲೆಕ್ಕಾಚಾರಿ:
ಎರಡೂ. ಖನಿಜವನ್ನು ಅಮೈನೋ ಆಮ್ಲಕ್ಕೋ ಬೇರೆ ಸಾವಯವ ಪದಾರ್ಥಕ್ಕೋ ಕಟ್ಟಿರುತ್ತಾರೆ. ಆಗ ಹೊಟ್ಟೆಯಲ್ಲಿ ಬೇರೆಯದರ ಜೊತೆ ಜಗಳ ಕಡಿಮೆ. ನೀರು, ಮೇವಿನಲ್ಲಿ ಕಬ್ಬಿಣ, ಗಂಧಕ, ಮಾಲಿಬ್ಡಿನಂ ಕಾಟ ಇರುವ ಕಡೆ ಉಪಯೋಗ ಆಗಬಹುದು. ಗೊರಸಿನ ತೊಂದರೆ ಇರುವ ಮಂದೆಗೂ ಕೆಲವರು ಕೊಡುತ್ತಾರೆ. ಅಂಥ ಕಾಟ ಇಲ್ಲದ ಕಡೆ ಸಲ್ಫೇಟ್ ರೂಪದ್ದೇ ಸಾಕು. ಚೀಲದ ಹಿಂದೆ ತಾಮ್ರದ ಆಕ್ಸೈಡ್ ಪುಡಿ ಅಂತ ಇದ್ದರೆ ಮಾತ್ರ ನಾನು ತರಲ್ಲ. ಅದು ಮೈಗೆ ಹತ್ತುವುದು ಬಹಳ ಕಡಿಮೆ. ಮೆಗ್ನೀಷಿಯಂ ಮಾತ್ರ ಆಕ್ಸೈಡ್ ರೂಪದಲ್ಲೇ ಬರುವುದು ಮಾಮೂಲು. ಅದು ನುಣ್ಣಗಿರಬೇಕು.

ಹಸಿಮೇವು:
ಎಳೆ ಹುಲ್ಲು ಮೇಯ್ದ ಹಸು ನಡುಗಿ ಬೀಳುವುದೂ ಮೆಗ್ನೀಷಿಯಂ ಕಡಿಮೆಯಾಗೇ ಅಲ್ವಾ ಮೇಡಂ?

ಪಶುವೈದ್ಯೆ:
ಹೌದು. ಗೊಬ್ಬರ ಚೆನ್ನಾಗಿ ಕಂಡ ಎಳೆ ಹುಲ್ಲಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಮೆಗ್ನೀಷಿಯಂ ಕಡಿಮೆ. ಇರುವ ಸ್ವಲ್ಪವನ್ನೂ ಪೊಟ್ಯಾಸಿಯಂ ಮೊದಲ ಹೊಟ್ಟೆಯ ಗೋಡೆ ದಾಟಲು ಬಿಡಲ್ಲ. ಮೆಗ್ನೀಷಿಯಂ ಮೈಯಲ್ಲಿ ಕೂಡಿಡಲು ಆಗಲ್ಲ, ದಿನಾ ಸಿಗಬೇಕು. ಹಾಲುಜ್ವರದ ಹಸು ಮಂಕಾಗುತ್ತದೆ. ಇದು ಬೆದರುತ್ತದೆ, ಸೆಟೆಯುತ್ತದೆ, ಬೇಗ ಸಾಯುತ್ತದೆ. ಕಂಡ ತಕ್ಷಣ ಡಾಕ್ಟರ್ ಕರೆಯಿರಿ.

ಎಮ್ಮೆಪ್ರಿಯ:
ಕರು ಹಾಕಿ ಎರಡು ಮೂರು ವಾರ ಆದಮೇಲೆ ಗಂಜಲ ಕಾಫಿ ಬಣ್ಣ ಬಂದರೆ?

ಪಶುವೈದ್ಯೆ:
ರಂಜಕ ತೀರಾ ಇಳಿದು ರಕ್ತಕಣ ಒಡೆದರೂ ಹಾಗಾಗುತ್ತದೆ, ಎಮ್ಮೆಗಳಲ್ಲಿ ಇದು ಗೊತ್ತಿರುವ ಕಾಯಿಲೆ. ಉಣ್ಣೆಹುಳು ಕಚ್ಚಿ ಬರುವ ರಕ್ತದ ಕಾಯಿಲೆಯಲ್ಲೂ ಹಾಗೇ ಆಗುತ್ತದೆ. ಚಿಕಿತ್ಸೆ ಬೇರೆ ಬೇರೆ. ಮನೆಯಲ್ಲಿ ಊಹಿಸಬೇಡಿ, ಅದೇ ದಿನ ತೋರಿಸಿ.

ಗೋದಲಿ:
ಚರ್ಚೆ ಎಲ್ಲೆಲ್ಲೋ ಹೋಯಿತು, ಆದರೆ ನನಗೆ ಬಹಳ ಉಪಯೋಗ ಆಯಿತು. ಈಗ ಮುಂದಿನ ತಿಂಗಳ ಹಸುವಿಗೆ ನಾನು ಅಂದುಕೊಂಡದ್ದು ಹೀಗಿದೆ. ಕುದುರೆ ಮೆಂತೆ ಬಂದ್. ಟಾನಿಕ್ ಬಂದ್. ಒಣಹುಲ್ಲು ಮತ್ತು ಮುಸುಕಿನ ಜೋಳದ ಮೇವು. ಕ್ಯಾಲ್ಸಿಯಂ ಕಡಿಮೆ ಇರುವ ಮಿಶ್ರಣ ತೂಗಿ ಹಾಕುವುದು. ಆನಯಾನಿಕ್ ಲವಣ ಅಂತ ಒಂದು ಇದೆಯಂತೆ, ಅದನ್ನೂ ಹಾಕಲಾ?

ಪಶುವೈದ್ಯೆ:
ಮೊದಲು ಹೇಳಿದ ನಾಲ್ಕೂ ಸರಿ. ಮುಸುಕಿನ ಜೋಳದ ಮೇವಿನಲ್ಲಿ ಪೊಟ್ಯಾಸಿಯಂ ಕಡಿಮೆಯೇ. ಹಸು ಹೊಟ್ಟೆ ತುಂಬ ತಿನ್ನುತ್ತಿದೆಯಾ ನೋಡುತ್ತಿರಿ, ಸ್ವಲ್ಪ ಹಿಂಡಿ ಇರಲಿ.

ಆನಯಾನಿಕ್ ಲವಣ ಅಂದರೆ ಕ್ಲೋರೈಡ್, ಸಲ್ಫೇಟ್ ಹೆಚ್ಚಿರುವ ಲವಣ. ಪೊಟ್ಯಾಸಿಯಂ, ಸೋಡಿಯಂ ಒಂದು ಕಡೆ ಎಳೆದರೆ ಇವು ಇನ್ನೊಂದು ಕಡೆ ಎಳೆಯುತ್ತವೆ. ರಕ್ತ ತುಸು ಆಮ್ಲದ ಕಡೆ ಬಂದರೆ ಹಾರ್ಮೋನಿನ ಮಾತು ಮೂಳೆಗೆ ಕೇಳುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ರುಚಿ ಕೆಟ್ಟದ್ದು, ಸರಿಯಾಗಿ ಕಲಸದಿದ್ದರೆ ಹಸು ಮೇವನ್ನೇ ಬಿಡುತ್ತದೆ. ಹಾಕುವುದಾದರೆ ಕೊನೆಯ ಮೂರು ವಾರ ಮಾತ್ರ. ಗಂಜಲದ ಪಿಎಚ್ (ಆಮ್ಲ, ಕ್ಷಾರದ ಅಳತೆ) ಕಾಗದದಲ್ಲಿ ನೋಡುತ್ತಿರಬೇಕು. ಸಾಮಾನ್ಯವಾಗಿ 8ರ ಮೇಲೆ ಇರುತ್ತದೆ. 6ರಿಂದ 6.8ಕ್ಕೆ ಇಳಿದರೆ ಸರಿ. 5.5ಕ್ಕೆ ಇಳಿದರೆ ಜಾಸ್ತಿ ಆಯಿತು. ನಿಮ್ಮ ಡಾಕ್ಟರ್ ಜೊತೆ ಕೂತು ಪ್ರಮಾಣ ಗೊತ್ತು ಮಾಡಿಕೊಳ್ಳಿ. ಮೊದಲ ಸೂಲಿನ ಕಡಸುಗಳಿಗೆ ಇದು ಸಾಮಾನ್ಯವಾಗಿ ಬೇಕಾಗಲ್ಲ, ಅವುಗಳ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಕ್ಯಾಲ್ಸಿಯಂ ಬೇಗ ಬಿಟ್ಟುಕೊಡುತ್ತದೆ. ನಿಮ್ಮದು ಎಷ್ಟನೇ ಸೂಲು? ಜರ್ಸಿ ಮಿಶ್ರವಾ?

ಗೋದಲಿ:
ನಾಲ್ಕನೇ ಸೂಲು ಮೇಡಂ. ಜರ್ಸಿ ಮಿಶ್ರವೇ.

ಪಶುವೈದ್ಯೆ:
ಹಾಗಾದರೆ ಅಪಾಯ ಜಾಸ್ತಿ ಇರುವ ಹಸು. ವಯಸ್ಸಾದಂತೆ ಮೂಳೆ ನಿಧಾನ. ಜರ್ಸಿಯ ಕರುಳಿನಲ್ಲಿ ವಿಟಮಿನ್ ಡಿ ಗೆ ಸ್ಪಂದಿಸುವ ಜಾಗಗಳೂ ಕಡಿಮೆ. ಕರು ಹಾಕಿದ ಕೂಡಲೇ ಒಂದು, ಸುಮಾರು 12 ಗಂಟೆ ಬಿಟ್ಟು ಇನ್ನೊಂದು ಕ್ಯಾಲ್ಸಿಯಂ ಜೆಲ್ ಬಾಯಿಗೆ ಕೊಡಬಹುದು. ಟಾನಿಕ್ ಕೊಡುವ ಸರಿಯಾದ ಹೊತ್ತು ಇದೇ. ಹಸು ನಿಂತಿರಬೇಕು, ಚೆನ್ನಾಗಿ ನುಂಗುತ್ತಿರಬೇಕು. ಬಿದ್ದ ಹಸುವಿನ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತನಾಳದ ಕ್ಯಾಲ್ಸಿಯಂ ನೀವೇ ಹಾಕಲು ಹೋಗಬೇಡಿ, ವೇಗ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಕರು ಹಾಕಿದ ದಿನದಿಂದ ಆನಯಾನಿಕ್ ಲವಣ ಬಂದ್, ಹಾಲಿನ ಹಸುವಿನ ಮಿಶ್ರಣ ಶುರು, ಕುದುರೆ ಮೆಂತೆಯೂ ನಿಧಾನಕ್ಕೆ ವಾಪಸ್.

ಗೋದಲಿ:
ಸರಿ ಮೇಡಂ. ಒಂದೇ ತೊಡಕು. ಹಾಲಿನ ಹಸುಗಳೂ ಇದೂ ಒಂದೇ ಗೋದಲಿಯಲ್ಲಿ ತಿನ್ನುತ್ತವೆ. ಪಕ್ಕದ್ದರ ಕುದುರೆ ಮೆಂತೆಗೆ ಇದು ಬಾಯಿ ಹಾಕೇ ಹಾಕುತ್ತದೆ.

ಲೆಕ್ಕಾಚಾರಿ:
ಬೇರೆ ಕಟ್ಟಿ. ಕೊಟ್ಟಿಗೆಯ ಕೊನೆಯ ಜಾಗಕ್ಕೆ ತಂದು, ನಡುವೆ ಒಂದು ಹಲಗೆ ಅಡ್ಡ ಕೊಟ್ಟರೂ ಆಯಿತು. ನೀರಿನ ಬಾನಿ ಮಾತ್ರ ಅದರ ಬಾಯಿಗೆ ಎಟುಕುವ ಹಾಗೆ ಇಡಿ. ಡಬ್ಬಿಗಳೂ ಎರಡು ಇರಲಿ, ಬತ್ತಿದ ಹಸುವಿನದಕ್ಕೆ ಬೇರೆ ಬಣ್ಣದ ಮುಚ್ಚಳ. ಮಿಶ್ರಣದ ಚೀಲ ನೆಲದ ತೇವಕ್ಕೆ ಗಟ್ಟಿಯಾಗುತ್ತದೆ, ಮಣೆ ಮೇಲೆ ಇಟ್ಟು ಬಾಯಿ ಕಟ್ಟಿ.

ಗೋದಲಿ:
ಹಲಗೆ ಇದೆ, ನಾಳೆಯೇ ಹೊಡೆಸುತ್ತೇನೆ. ಪಿಎಚ್ ಕಾಗದ ತಂದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ, ಮೇಡಂ ನೋಡಿ ಹೇಳಿ.